ಬಾಗಿಲ ಆಚೆ ಐದು ವರ್ಷ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ)

ಮೊದಲು ಈ ರ‍್ಯಾಕೆಟ್ ಒಂದ್ಸಲ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಪಕ್ಕದವರಿಗೆ ದಾಟಿಸಿ. ಇದು ನಮ್ಮ ಸೋದರಮಾವನದು. ಪೂರ್ತಿ ಮರದ್ದು. ಮೇಜಿನ ಮೇಲೆ ಇರುವುದು ಅದರ ಪ್ರೆಸ್. ಎರಡು ಮರದ ಚೌಕಟ್ಟು, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಮಳೆಗಾಲದ ತೇವಕ್ಕೆ ರ‍್ಯಾಕೆಟ್ ಸೊಟ್ಟಗಾಗದಿರಲಿ ಅಂತ ಆಡಿ ಬಂದ ಮೇಲೆ ಇದರೊಳಗೆ ಬಿಗಿದಿಡಬೇಕಿತ್ತು. ಮಾವ ನಮಗ್ಯಾರಿಗೂ ಮುಟ್ಟೋಕೆ ಬಿಡುತ್ತಿರಲಿಲ್ಲ. ಸ್ಕ್ರೂ ತಿರುಗಿಸುವ ಕೆಲಸ ಮಾತ್ರ ನನ್ನದು.

ಇದರ ಮುಖ ಎಷ್ಟು ಚಿಕ್ಕದು ನೋಡಿದಿರಾ? ಈಗಿನ ರ‍್ಯಾಕೆಟ್ ಪಕ್ಕ ಇಟ್ಟರೆ ಸೌಟಿನ ಹಾಗೆ ಕಾಣುತ್ತದೆ. ಚೆಂಡು ನಟ್ಟನಡುವೆ ತಾಗದಿದ್ದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಇಂಥದ್ದೇ ಒಂದು ಮರದ ರ‍್ಯಾಕೆಟ್, ಡನ್‌ಲಪ್ ಮ್ಯಾಕ್ಸ್‌ಪ್ಲೈ, ಹಿಡಿದು ಆಸ್ಟ್ರೇಲಿಯಾದ ಟೆನಿಸ್ ಆಟಗಾರ ರಾಡ್ ಲೇವರ್ ಒಂದೇ ವರ್ಷದಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್ ಟೂರ್ನಿ ಗೆದ್ದರು. ಆಸ್ಟ್ರೇಲಿಯಾ, ಫ್ರಾನ್ಸ್, ವಿಂಬಲ್ಡನ್, ಅಮೆರಿಕ, ಟೆನಿಸ್‌ನ ಅತಿ ದೊಡ್ಡ ನಾಲ್ಕು ಟೂರ್ನಿ ಇವೇ. 1962ರಲ್ಲಿ ಒಮ್ಮೆ, 1969ರಲ್ಲಿ ಮತ್ತೊಮ್ಮೆ. ಪುರುಷರ ಸಿಂಗಲ್ಸ್‌ನಲ್ಲಿ ಅವರಿಗಿಂತ ಮುಂಚೆ ಇದನ್ನು ಮಾಡಿದ್ದು ಅಮೆರಿಕದ ಡಾನ್ ಬಜ್ ಒಬ್ಬರೇ, 1938ರಲ್ಲಿ. ಲೇವರ್ ಆದ ಮೇಲೆ ಯಾರಿಗೂ ಆಗಿಲ್ಲ.

ಇದನ್ನೆಲ್ಲ ನಮ್ಮ ಮನೆಯ ಹುಡುಗನಿಗೆ ಹೇಳಿದೆ. ಅವನು ಫೋನ್ ತೆಗೆದು ನೋಡಿದ. 'ಗ್ರ್ಯಾನ್‌ಸ್ಲಾಮ್ ಒಟ್ಟು ಹನ್ನೊಂದಾ? ಅಷ್ಟೇನಾ?' ಅಂದ. ಜೊಕೊವಿಚ್ 24, ನಡಾಲ್ 22, ಫೆಡರರ್ 20. ಅವರ ಮುಂದೆ 11 ಸಪ್ಪೆಯಾಗಿ ಕಾಣುತ್ತದೆ ನಿಜ. ಅವನಿಗೆ ಸರಿಯಾದ ಉತ್ತರ ಕೊಡಲು ಹೋಗಿ ಈ ಉಪನ್ಯಾಸ ತಯಾರಾಯಿತು ಅಂತ ಬೇಕಾದರೂ ಇಟ್ಟುಕೊಳ್ಳಿ.

ಲೇವರ್ ಹುಟ್ಟಿದ್ದು 1938ರ ಆಗಸ್ಟ್ 9ರಂದು, ಕ್ವೀನ್ಸ್‌ಲ್ಯಾಂಡ್‌ನ ರಾಕ್‌ಹ್ಯಾಂಪ್ಟನ್‌ನಲ್ಲಿ. ದನ ಸಾಕುವವರ ಸೀಮೆ ಅದು. ಬಿಸಿಲು ಜಾಸ್ತಿ. ಅಪ್ಪನೂ ದನ ಸಾಕುತ್ತಿದ್ದವರೇ, ಮನೆಮಂದಿಗೆಲ್ಲ ಟೆನಿಸ್ ಹುಚ್ಚು. ಮನೆ ಪಕ್ಕದಲ್ಲೇ ಅಂಕಣ ಮಾಡಿಕೊಂಡಿದ್ದರು. ಯಾವ ಮಣ್ಣಿನಿಂದ ಗೊತ್ತಾ? ಹುತ್ತದ ಮಣ್ಣು! ಗೆದ್ದಲು ಕಟ್ಟಿದ ಹುತ್ತ ಕಿತ್ತು ತಂದು, ಪುಡಿ ಮಾಡಿ, ನೀರು ಹಾಕಿ, ರೋಲರ್ ಎಳೆದರೆ ನೆಲ ಕಲ್ಲಿನಂತೆ ಗಟ್ಟಿಯಾಗುತ್ತದೆ. ನಮ್ಮಲ್ಲೂ ಅಜ್ಜಿಯಂದಿರು ಒಲೆ ಹಾಕಲು ಹುತ್ತದ ಮಣ್ಣನ್ನೇ ತರಿಸುತ್ತಿದ್ದರಲ್ಲ, ಅದೇ ಗುಣ. ನಾವು ಹಾಲೆರೆದು ಕೈಮುಗಿಯುವ ಹುತ್ತದ ಮೇಲೆ ಅಲ್ಲಿ ಹುಡುಗರು ಬ್ಯಾಕ್‌ಹ್ಯಾಂಡ್ ಕಲಿಯುತ್ತಿದ್ದರು.

ಊರಿನ ಕೋಚ್ ಚಾರ್ಲಿ ಹಾಲಿಸ್ ರಾತ್ರಿ ದೀಪದ ಬೆಳಕಲ್ಲಿ ಲೇವರ್‌ನ ಇಬ್ಬರು ಅಣ್ಣಂದಿರಿಗೆ ಪಾಠ ಹೇಳಿಕೊಡುತ್ತಿದ್ದರು. ಚಿಕ್ಕವನು ಮಲಗಿರಬೇಕಿತ್ತು. ಅವನು ಪೈಜಾಮದಲ್ಲೇ ಬರಿಗಾಲಲ್ಲಿ ಎದ್ದು ಬಂದು ತಂತಿಬಲೆಗೆ ಮುಖ ಒತ್ತಿ ನೋಡುತ್ತಿದ್ದ. ಹಾಲಿಸ್ ಅವನನ್ನೂ ಒಳಗೆ ಕರೆದು ನಾಲ್ಕು ಚೆಂಡು ಹೊಡೆಸಿದರು. ಸ್ವಲ್ಪ ದಿನಕ್ಕೇ ಅವರು ಒಂದು ಲೆಕ್ಕ ಹಾಕಿಬಿಟ್ಟರು. ಅಣ್ಣಂದಿರಿಗೆ ಅಪ್ಪನ ಸಿಟ್ಟು ಬಂದಿದೆ, ಈ ಸಣಕಲನಿಗೆ ಅಮ್ಮನ ಸಮಾಧಾನ ಬಂದಿದೆ, ಮುಂದೆ ಬರುವವನು ಇವನೇ ಅಂತ. ಹಾಲಿಸ್ ಕಲಿಸಿದ್ದು ಆಟ ಮಾತ್ರ ಅಲ್ಲ, ಊಟದ ಮೇಜಿನಲ್ಲಿ ಚಾಕು, ಫೋರ್ಕ್ ಹಿಡಿಯುವ ರೀತಿ ಕೂಡ. ಮುಂದೆ ವಿಂಬಲ್ಡನ್ ಗೆದ್ದಾಗ ದೊಡ್ಡವರ ಜೊತೆ ಊಟಕ್ಕೆ ಕೂರಬೇಕಲ್ಲ! ದನದ ದೊಡ್ಡಿಯ ಪಕ್ಕ ಬೆಳೆಯುತ್ತಿದ್ದ ಹುಡುಗನ ಬಗ್ಗೆ ಎಂಥ ನಂಬಿಕೆ ನೋಡಿ.

ಆಮೇಲೆ ಕೈಹಿಡಿದವರು ಹ್ಯಾರಿ ಹಾಪ್‌ಮನ್, ದೇಶ ದೇಶಗಳ ತಂಡಗಳು ಆಡುವ ಡೇವಿಸ್ ಕಪ್‌ನಲ್ಲಿ ಆಸ್ಟ್ರೇಲಿಯಾ ತಂಡದ ನಾಯಕ. 'ರಾಕೆಟ್' ಅಂತ ಅಡ್ಡಹೆಸರು ಇಟ್ಟವರು ಅವರೇ. ಹುಡುಗ ವೇಗವಾಗಿದ್ದ ಅಂತಲ್ಲ, ನಿಧಾನ ಅಂತ ತಮಾಷೆಗೆ. ನಮ್ಮಲ್ಲಿ ಕಡ್ಡಿಯಂಥವನನ್ನು 'ಏನ್ ಪೈಲ್ವಾನ್' ಅಂತೀವಲ್ಲ, ಹಾಗೆ. ಹೆಸರು ಆಮೇಲೆ ನಿಜವಾಯಿತು.

ಎತ್ತರ 5 ಅಡಿ 8 ಇಂಚು, ಅಷ್ಟೇ. ಕೆಂಚು ಕೂದಲು, ಮುಖದ ತುಂಬ ನಸುಕಂದು ಚುಕ್ಕೆ. ಅಂಗಡಿಯಲ್ಲಿ ಪಕ್ಕ ನಿಂತರೆ ಯಾರೂ ತಿರುಗಿ ನೋಡುವ ಆಳಲ್ಲ. ಎಡಗೈ ಮಾತ್ರ ಬೇರೆಯವರದನ್ನು ತಂದು ಜೋಡಿಸಿದ ಹಾಗಿತ್ತು. ಮುಂಗೈಯ ಸುತ್ತಳತೆ 12 ಇಂಚು ಅಂತ ಬರೆದಿಟ್ಟಿದ್ದಾರೆ. ಹಾಪ್‌ಮನ್ ಹೇಳಿದರು ಅಂತ ಹೋದಲ್ಲಿ ಬಂದಲ್ಲಿ ಚೆಂಡು ಹಿಸುಕುತ್ತ ಇದ್ದು ಬೆಳೆಸಿಕೊಂಡ ಕೈ. ನಿಮ್ಮ ಕೈಗೆ ಬಂದಿರುವ ರ‍್ಯಾಕೆಟ್ ತೂಗಿ ನೋಡಿ, ಆ ಕೈ ಯಾಕೆ ಬೇಕಿತ್ತು ಅಂತ ಅರ್ಥವಾಗುತ್ತದೆ. ಆಗಿನವರು ಬ್ಯಾಕ್‌ಹ್ಯಾಂಡ್‌ನಲ್ಲಿ ಸಾಮಾನ್ಯವಾಗಿ ಚೆಂಡನ್ನು ಕೆಳಮುಖವಾಗಿ ಕತ್ತರಿಸಿ ಕಳಿಸುತ್ತಿದ್ದರು. ಲೇವರ್ ಮಣಿಕಟ್ಟು ತಿರುಗಿಸಿ, ಕೆಳಗಿಂದ ಮೇಲಕ್ಕೆ ಉಜ್ಜಿ ಟಾಪ್‌ಸ್ಪಿನ್ ಹಾಕುತ್ತಿದ್ದರು. ಅದೂ ಓಡುತ್ತಾ, ಒಂಟಿಗೈಯಲ್ಲಿ, ಈ ಸೌಟಿನಲ್ಲಿ.

1959 ಮತ್ತು 1960ರಲ್ಲಿ ವಿಂಬಲ್ಡನ್ ಫೈನಲ್ ಸೋತು, 1961ರಲ್ಲಿ ಗೆದ್ದರು. ಆ ವರ್ಷ ಸೆಮಿಫೈನಲ್‌ನಲ್ಲಿ ಅವರೆದುರು ನಿಂತಿದ್ದು ನಮ್ಮ ರಾಮನಾಥನ್ ಕೃಷ್ಣನ್. 1962ರಲ್ಲಿ ನಾಲ್ಕೂ ಕಿರೀಟ. ಕೇಳಲು ಸಲೀಸು. ಆದರೆ ಪ್ಯಾರಿಸ್‌ನಲ್ಲಿ ಕೂದಲೆಳೆಯಲ್ಲಿ ಪಾರಾಗಿದ್ದರು. ಕ್ವಾರ್ಟರ್‌ಫೈನಲ್‌ನಲ್ಲಿ ಮಾರ್ಟಿನ್ ಮಲಿಗನ್ ಮ್ಯಾಚ್ ಪಾಯಿಂಟ್‌ವರೆಗೆ, ಅಂದರೆ ಇನ್ನೊಂದೇ ಪಾಯಿಂಟ್ ಸಿಕ್ಕರೆ ಗೆಲ್ಲುವವರೆಗೆ, ಬಂದಿದ್ದರು. ಮೂರು ಸೆಟ್ ಗೆದ್ದವರಿಗೆ ಪಂದ್ಯ, ಒಂದು ಸೆಟ್‌ಗೆ ಕಡಿಮೆಯೆಂದರೆ ಆರು ಗೇಮ್ ಗೆಲ್ಲಬೇಕು. ಆ ಪಾಯಿಂಟ್ ಉಳಿಸಿಕೊಂಡು ಐದು ಸೆಟ್, ಸೆಮಿಫೈನಲ್ ಐದು ಸೆಟ್, ಫೈನಲ್‌ನಲ್ಲಿ ರಾಯ್ ಎಮರ್ಸನ್ ಎದುರು ಮೊದಲೆರಡು ಸೆಟ್ ಕಳೆದುಕೊಂಡು ಮತ್ತೆ ಐದು ಸೆಟ್. ಈ ಎಮರ್ಸನ್ ಕೂಡ ಕ್ವೀನ್ಸ್‌ಲ್ಯಾಂಡ್‌ನ ಹಳ್ಳಿಯವರು. ದಿನಾ ಹಸು ಕರೆದು ಕರೆದು ಮಣಿಕಟ್ಟು ಗಟ್ಟಿಯಾಯಿತು ಅನ್ನುತ್ತಿದ್ದರು. ಆ ವರ್ಷ ಆಸ್ಟ್ರೇಲಿಯಾ, ಫ್ರಾನ್ಸ್, ಅಮೆರಿಕ ಮೂರೂ ಕಡೆ ಫೈನಲ್‌ನಲ್ಲಿ ಸೋತವರು ಅವರೇ, ಪಾಪ.

ಇಷ್ಟೆಲ್ಲ ಗೆದ್ದ ಲೇವರ್‌ಗೆ ಬಂದ ಬಹುಮಾನದ ಹಣ ಸೊನ್ನೆ. ಯಾಕೆಂದರೆ ಆಗ ವಿಂಬಲ್ಡನ್ ಸೇರಿ ಎಲ್ಲ ದೊಡ್ಡ ಟೂರ್ನಿಗಳೂ ಹವ್ಯಾಸಿಗಳಿಗೆ ಮಾತ್ರ. ಆಟಕ್ಕೆ ಹಣ ಮುಟ್ಟಿದರೆ ನೀವು ವೃತ್ತಿಪರರು, ಬಾಗಿಲ ಆಚೆ. ಡೇವಿಸ್ ಕಪ್ಪೂ ಇಲ್ಲ. ಹಣ ಮುಟ್ಟದವರೇ ನಿಜವಾದ ಆಟಗಾರರು ಅನ್ನುವುದು ಆಸ್ತಿ ಇದ್ದವರ ಯೋಚನೆ. ಹೊಟ್ಟೆಗೆ ಏನು ಮಾಡಬೇಕು ಅಂತ ಅವರಿಗೆ ಯಾರೂ ಕೇಳುವುದಿಲ್ಲವಲ್ಲ. ಇನ್ನು ನಡೆಯುತ್ತಿದ್ದದ್ದೇನು? ಹೆಸರಿದ್ದ ಆಟಗಾರರಿಗೆ 'ಖರ್ಚಿಗೆ' ಅಂತ ಸಂಘಟಕರು ಲಕೋಟೆಯಲ್ಲಿ ಹಣ ಕೊಡುತ್ತಿದ್ದರು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಮೇಜಿನ ಕೆಳಗೆ ತೆಗೆದುಕೊಂಡರೆ ಸಂಭಾವಿತ, ಮೇಲೆ ತೆಗೆದುಕೊಂಡರೆ ಬಹಿಷ್ಕಾರ.

ಲೇವರ್ ಮೇಲೆಯೇ ತೆಗೆದುಕೊಂಡರು. 1962ರ ಕೊನೆಗೆ ಮೂರು ವರ್ಷಕ್ಕೆ 1,10,000 ಡಾಲರ್ ಖಾತ್ರಿಯ ಒಪ್ಪಂದಕ್ಕೆ ಸಹಿ ಹಾಕಿದರು. 24 ವರ್ಷ ವಯಸ್ಸು. 1963ರ ಜನವರಿಯಲ್ಲಿ ವೃತ್ತಿಪರರ ಜೊತೆ ಆಟ ಶುರುವಾಯಿತು.

ನನ್ನ ಮಟ್ಟಿಗೆ ಲೇವರ್ ಕಥೆಯ ತಿರುಳು ಇರುವುದು ಇಲ್ಲಿ. ನಾಲ್ಕೂ ಕಿರೀಟ ಹೊತ್ತು ಬಂದ ಈ ಚಾಂಪಿಯನ್ ಮೊದಲ 21 ಪಂದ್ಯಗಳಲ್ಲಿ 19 ಸೋತರು. ಮೊದಲೇ ವೃತ್ತಿಪರರಾಗಿದ್ದ, ಆಸ್ಟ್ರೇಲಿಯಾದವರೇ ಆದ ಲೂ ಹೋಡ್ ಎದುರು ಎಂಟಕ್ಕೆ ಎಂಟೂ ಸೋಲು. ಅದೇ ದೇಶದ ಕೆನ್ ರೋಸ್‌ವಾಲ್ ಎದುರು 13ರಲ್ಲಿ 11 ಸೋಲು. ಜಗತ್ತಿನ ನಂಬರ್ ಒನ್ ಅಂತ ಪೇಪರಿನವರು ಬರೆದಿದ್ದ ಮನುಷ್ಯನಿಗೆ, ನೀನು ಇಲ್ಲಿ ಮೂರನೆಯವನೂ ಹೌದೋ ಅಲ್ಲವೋ ಅಂತ ದಿನಾ ರಾತ್ರಿ ಇಬ್ಬರು ಸೇರಿ ತೋರಿಸಿಕೊಟ್ಟರು.

ಅಂದರೆ 1962ರಲ್ಲಿ ಲೇವರ್ ಗೆದ್ದಾಗ ಆಗಿನ ಒಳ್ಳೊಳ್ಳೆ ಆಟಗಾರರೆಲ್ಲ ಬಾಗಿಲ ಆಚೆ ಇದ್ದರು. ರೋಸ್‌ವಾಲ್ ಇಲ್ಲ, ಹೋಡ್ ಇಲ್ಲ, ಅಮೆರಿಕದ ಪಾಂಚೊ ಗೊನ್ಸಾಲೆಸ್ ಇಲ್ಲ. ಲೇವರ್ ಅಭಿಮಾನಿಗಳು, ನಾನೂ ಅದರಲ್ಲಿ ಒಬ್ಬ, ಒಂದು ಲೆಕ್ಕ ಯಾವಾಗಲೂ ಹೇಳುತ್ತೇವೆ. 1963ರಿಂದ 1968ರ ಶುರುವಿನವರೆಗೆ ಅವರು 21 ಗ್ರ್ಯಾನ್‌ಸ್ಲಾಮ್ ಆಡಲಾಗಲಿಲ್ಲ, ಆಡಿದ್ದರೆ 11 ಎಲ್ಲಿಗೆ ಹೋಗುತ್ತಿತ್ತೋ ಅಂತ. ಸರಿ. ಆದರೆ ಬಾಗಿಲು ತೆರೆದೇ ಇದ್ದಿದ್ದರೆ 1962ರ ಆ ನಾಲ್ಕು ಬರುತ್ತಿದ್ದವಾ? ಜನವರಿಯಲ್ಲಿ ಬಿದ್ದ ಪೆಟ್ಟು ನೋಡಿದರೆ ಕಷ್ಟ ಅನಿಸುತ್ತದೆ. ಒಂದು ಕಡೆಯ ಲೆಕ್ಕ ಮಾತ್ರ ಓದಿದರೆ ಮೋಸ ಆಗುತ್ತದೆ. ರೋಸ್‌ವಾಲ್ 22ನೇ ವಯಸ್ಸಿಗೆ ವೃತ್ತಿಪರರಾಗಿ 11 ವರ್ಷ ಹೊರಗಿದ್ದರು. ವಿಂಬಲ್ಡನ್ ಒಮ್ಮೆಯೂ ಗೆಲ್ಲಲಿಲ್ಲ. ಗೊನ್ಸಾಲೆಸ್ ಹೊರಗಿದ್ದದ್ದು ಹದಿನೆಂಟು ವರ್ಷ. ಅವರಿಗಾಗಿ ಕಣ್ಣೀರು ಹಾಕುವವರು ಕಡಿಮೆ.

ಇತ್ತ ಲೇವರ್ ಹೋದ ಮೇಲೆ ಒಳಗೇ ಉಳಿದ ಎಮರ್ಸನ್ 1963ರಿಂದ 1967ರೊಳಗೆ 10 ಗ್ರ್ಯಾನ್‌ಸ್ಲಾಮ್ ಗೆದ್ದರು. ಒಟ್ಟು 12. ಅಮೆರಿಕದ ಪೀಟ್ ಸಾಂಪ್ರಸ್ 2000ದಲ್ಲಿ ದಾಟುವವರೆಗೆ ಅದೇ ಪುರುಷರ ದಾಖಲೆ. ಎಮರ್ಸನ್ ಒಳ್ಳೆಯ ಆಟಗಾರರು, ಅನುಮಾನವಿಲ್ಲ. ಆದರೂ ಈ 12, ಆ 11, ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕಾಗುತ್ತಾ ಹೇಳಿ.

ಆ ಐದು ವರ್ಷ ಲೇವರ್ ಏನು ಮಾಡಿದರು? ಊರೂರು ತಿರುಗಿದರು. ನಾಟಕ ಕಂಪನಿ ನೆನಪಿಸಿಕೊಳ್ಳಿ. ಇವತ್ತು ಈ ಊರಲ್ಲಿ ಡೇರೆ, ನಾಳೆ ಮುಂದಿನ ಊರು. ಜೊತೆಯಲ್ಲೇ ಕ್ಯಾನ್ವಾಸ್ ಅಂಕಣ ಸುತ್ತಿಕೊಂಡು ಹೋಗುವುದು, ಜಿಮ್ ಸಿಕ್ಕರೆ ಜಿಮ್, ಐಸ್ ಸ್ಕೇಟಿಂಗ್ ಮಾಡುವ ಜಾಗ ಸಿಕ್ಕರೆ ಅಲ್ಲೇ ಹಲಗೆಯ ಮೇಲೆ ಅದನ್ನು ಹಾಸಿ ಆಡುವುದು. ಮಂದ ಬೆಳಕು. ಪ್ರೇಕ್ಷಕರು ಬಂದರೆ ಬಂದರು. ಮುಂದಿನ ಊರಿಗೆ ತಾವೇ ಗಾಡಿ ಓಡಿಸಿಕೊಂಡು ಹೋಗಬೇಕು. ಎದುರು ನಿಲ್ಲುವವರು ಮಾತ್ರ ರೋಸ್‌ವಾಲ್, ಹೋಡ್, ಗೊನ್ಸಾಲೆಸ್, ಸ್ಪೇನಿನ ಗಿಮೆನೊ. ಗ್ರ್ಯಾನ್‌ಸ್ಲಾಮ್‌ನಲ್ಲಾದರೆ ಮೊದಲ ಎರಡು ಮೂರು ಸುತ್ತು ಯಾರೋ ಸಿಗುತ್ತಾರೆ, ಮೈ ಬಿಸಿ ಮಾಡಿಕೊಳ್ಳಬಹುದು. ಇಲ್ಲಿ ದಿನಾ ಫೈನಲ್. ಅಲ್ಲಿ ಪೆಟ್ಟು ತಿಂದೇ ಲೇವರ್‌ಗೆ ಎರಡನೇ ಸರ್ವ್ ಗಟ್ಟಿಯಾಯಿತು, ಸುಮ್ಸುಮ್ನೆ ಬೀಸುವ ಚಪಲ ಹೋಯಿತು. ಒಂದೆರಡು ವರ್ಷದಲ್ಲಿ ಅವರೇ ಮೇಲೆ ಬಂದರು. ಅಮೆರಿಕದ ವೃತ್ತಿಪರ ಚಾಂಪಿಯನ್‌ಷಿಪ್ 1964ರಿಂದ 1969ರೊಳಗೆ ಐದು ಸಲ, ಲಂಡನ್ನಿನ ವೆಂಬ್ಲಿಯಲ್ಲಿ 1964ರಿಂದ 1967ರವರೆಗೆ ಸತತ ನಾಲ್ಕು ಸಲ ಗೆದ್ದರು. ಫೋನಿನಲ್ಲಿ ಹುಡುಕಿದರೆ ಬರುವ '11'ರಲ್ಲಿ ಇವು ಯಾವುದೂ ಇಲ್ಲ.

ಬಾಗಿಲು ತೆರೆದಿದ್ದು ಹೇಗೆ ಅಂದರೆ, ಸ್ವಲ್ಪ ಟಿವಿಯಿಂದಲೂ ಹೌದು. 1967ರಲ್ಲಿ ಬಿಬಿಸಿ ಬಣ್ಣದ ಪ್ರಸಾರ ಶುರು ಮಾಡಿತು. ಆ ಸಂಭ್ರಮಕ್ಕೆ ಆಗಸ್ಟ್‌ನಲ್ಲಿ ಎಂಟು ಜನ ವೃತ್ತಿಪರರನ್ನು ಕರೆಸಿ ವಿಂಬಲ್ಡನ್ ಸೆಂಟರ್ ಕೋರ್ಟ್‌ನಲ್ಲೇ ಟೂರ್ನಿ ಆಡಿಸಿದರು. ಫೈನಲ್‌ನಲ್ಲಿ ಲೇವರ್ ರೋಸ್‌ವಾಲ್‌ರನ್ನು 6-2, 6-2, 12-10ರಿಂದ ಸೋಲಿಸಿದರು. ನೋಡಿದವರಿಗೆಲ್ಲ ನಿಜವಾದ ಟೆನಿಸ್ ಎಲ್ಲಿದೆ ಅಂತ ಗೊತ್ತಾಯಿತು. ಅದೇ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಟೆನಿಸ್ ಸಂಸ್ಥೆ ಹವ್ಯಾಸಿ, ವೃತ್ತಿಪರ ಭೇದ ತೆಗೆದುಹಾಕಿತು. 1968ರ ವಸಂತದಲ್ಲಿ ಇಬ್ಬರೂ ಕೂಡಿ ಆಡುವ ಮುಕ್ತ ಟೆನಿಸ್ ಶುರು. ಆ ವರ್ಷದ ವಿಂಬಲ್ಡನ್‌ಗೆ ಲೇವರ್ ವಾಪಸ್ ಬಂದು ಟೋನಿ ರೋಶ್ ಎದುರು ಮೂರೇ ಸೆಟ್‌ನಲ್ಲಿ ಗೆದ್ದರು. ಬಹುಮಾನ 2,000 ಪೌಂಡ್. ಮಹಿಳೆಯರಲ್ಲಿ ಗೆದ್ದ ಬಿಲ್ಲಿ ಜೀನ್ ಕಿಂಗ್‌ಗೆ 750. ಒಂದು ಭೇದ ಹೋಯಿತು, ಇನ್ನೊಂದು ಅಲ್ಲೇ ಕೂತಿತ್ತು. ಅದು ಬೇರೆಯೇ ಒಂದು ಸಂಜೆಯ ಮಾತು.

ಈಗ 1969. ಎಲ್ಲರೂ ಒಳಗಿದ್ದ ವರ್ಷ. ಅದಕ್ಕೇ ನನಗೆ 1962ಕ್ಕಿಂತ ಇದು ಹೆಚ್ಚು.

ಜನವರಿ, ಬ್ರಿಸ್ಬೇನ್, ಆಸ್ಟ್ರೇಲಿಯಾ ಟೂರ್ನಿಯ ಸೆಮಿಫೈನಲ್. ಎದುರಿಗೆ ರೋಶ್, ಅವರೂ ಎಡಗೈ. ಬಿಸಿಲು 40 ಡಿಗ್ರಿ. ಟೈಬ್ರೇಕರ್ ಅನ್ನುವುದು ಇನ್ನೂ ಬಂದಿರಲಿಲ್ಲ, ಎರಡು ಗೇಮ್ ಅಂತರ ಸಿಗುವವರೆಗೆ ಆಡುತ್ತಲೇ ಇರಬೇಕು. ಎರಡನೇ ಸೆಟ್ ಒಂದೇ 22-20. ಟೋಪಿಯೊಳಗೆ ಒದ್ದೆ ಮಾಡಿದ ಎಲೆಕೋಸಿನ ಎಲೆ ಇಟ್ಟುಕೊಂಡು ಆಡಿದರು. ಎಲೆಕೋಸು! ನಾವು ಪಲ್ಯಕ್ಕೆ ಹೆಚ್ಚುವುದೇ. ನಾಲ್ಕು ಗಂಟೆಗೂ ಮೀರಿ ಆಡಿ, 90 ಗೇಮ್ ಆದ ಮೇಲೆ ಲೇವರ್ ಗೆದ್ದರು. 7-5, 22-20, 9-11, 1-6, 6-3. ಫೈನಲ್‌ನಲ್ಲಿ ಗಿಮೆನೊರನ್ನು ಸೋಲಿಸಿದ್ದು ಇದರ ಮುಂದೆ ಸಲೀಸು. ಪ್ಯಾರಿಸ್‌ನಲ್ಲಿ ಡಿಕ್ ಕ್ರೀಲಿ ಎದುರು ಎರಡು ಸೆಟ್ ಹಿಂದಿದ್ದು ಗೆದ್ದರು, ಫೈನಲ್‌ನಲ್ಲಿ ರೋಸ್‌ವಾಲ್‌ರನ್ನು ಅವರಿಗೆ ಇಷ್ಟವಾದ ಆವೆಮಣ್ಣಿನಲ್ಲೇ ಮೂರು ಸೆಟ್‌ನಲ್ಲಿ ಮುಗಿಸಿದರು. 1963ರ ಬಾಕಿ ತೀರಿಸಿದ ಹಾಗೆ.

ನಂತರ ವಿಂಬಲ್ಡನ್, ಎರಡನೇ ಸುತ್ತು. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ನೆಟ್‌ನ ಆಚೆ ಇದ್ದವರು ಕೋಲ್ಕತ್ತದ ಪ್ರೇಮಜಿತ್ ಲಾಲ್. ಭಾರತ 1966ರಲ್ಲಿ ಡೇವಿಸ್ ಕಪ್ ಫೈನಲ್ ಮುಟ್ಟಿದಾಗ ಕೃಷ್ಣನ್, ಜೈದೀಪ್ ಮುಖರ್ಜಿ ಜೊತೆ ತಂಡದಲ್ಲಿದ್ದವರು. ಲಾಲ್ ಮೊದಲ ಸೆಟ್ 6-3 ಗೆದ್ದರು. ಎರಡನೆಯದು 6-4. ಮೂರನೆಯದರಲ್ಲಿ 3-3. ಇನ್ನು ಮೂರು ಗೇಮ್ ಸಿಕ್ಕಿಬಿಟ್ಟಿದ್ದರೆ ಆ ವರ್ಷದ ಚರಿತ್ರೆಯೇ ಬೇರೆ, ಲೇವರ್ ಹೆಸರಿನ ಮುಂದೆ ಒಂದೇ ಸಲ ಅಂತ ಇರುತ್ತಿತ್ತು.

ಅಲ್ಲಿಂದ ಲಾಲ್‌ಗೆ ಒಂದೇ ಒಂದು ಗೇಮ್ ಸಿಗಲಿಲ್ಲ. ಸತತ 15 ಗೇಮ್ ಲೇವರ್‌ಗೆ. 6-3, 6-0, 6-0.

ಲಾಲ್ ಕೈಚೆಲ್ಲಿದರು ಅಂತ ಸುಲಭವಾಗಿ ಹೇಳಿಬಿಡಬಹುದು. ನನಗೆ ಹಾಗನಿಸುವುದಿಲ್ಲ. ಎರಡು ಸೆಟ್ ಹಿಂದಿದ್ದಾಗ ಲೇವರ್ ಹೊಡೆತ ಕಡಿಮೆ ಮಾಡುತ್ತಿರಲಿಲ್ಲ. ಉಳಿದವರು ಚೆಂಡನ್ನು ಒಳಗೆ ಇಟ್ಟರೆ ಸಾಕು ಅಂತ ಜಾಗ್ರತೆ ಮಾಡುವ ಹೊತ್ತಿಗೆ ಇವರು ಇನ್ನೂ ಜೋರಾಗಿ ಬೀಸುತ್ತಿದ್ದರು. ಗೆದ್ದಾಗ ಕುಣಿಯುವುದಿಲ್ಲ, ತಪ್ಪಿದಾಗ ರ‍್ಯಾಕೆಟ್ ಎಸೆಯುವುದಿಲ್ಲ. ಎದುರಿದ್ದವರಿಗೆ ಮುಖ ನೋಡಿ ಏನೂ ಗೊತ್ತಾಗುವುದಿಲ್ಲ. ಅಮ್ಮನ ಸಮಾಧಾನ ಅಂತ ಹಾಲಿಸ್ ಗುರುತಿಸಿದ್ದು ಇದನ್ನೇ ಇರಬೇಕು. ಫೈನಲ್‌ನಲ್ಲಿ ಜಾನ್ ನ್ಯೂಕೋಂಬ್ ಎದುರು ಗೆದ್ದು ನಾಲ್ಕನೇ ವಿಂಬಲ್ಡನ್ ಆಯಿತು.

ಕೊನೆಯದು ಅಮೆರಿಕದ ಟೂರ್ನಿ, ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ. ಹೆಂಡತಿ ಮೇರಿ ದಿನ ತುಂಬಿದ ಬಸುರಿ, ದೂರದ ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಬಿಡದ ಮಳೆ. ಫೈನಲ್ ಸೋಮವಾರಕ್ಕೆ ಹೋಯಿತು. ಹುಲ್ಲು ಒಣಗಿಸಲು ಹೆಲಿಕಾಪ್ಟರನ್ನೇ ಅಂಕಣದ ಮೇಲೆ ತಂದು ನಿಲ್ಲಿಸಿದರು, ಬೀಸಣಿಗೆ ಥರ. ಆದರೂ ಕಾಲು ಜಾರುತ್ತಿತ್ತು. ಮತ್ತೆ ಅದೇ ರೋಶ್. ಮೊದಲ ಸೆಟ್ 9-7 ಅವರಿಗೆ. ಲೇವರ್ ಅನುಮತಿ ಕೇಳಿ ಮೊಳೆ ಇರುವ ಬೂಟು ಹಾಕಿಕೊಂಡರು. ಮುಂದಿನ ಮೂರು ಸೆಟ್ 6-1, 6-2, 6-2. ಅದೇ ತಿಂಗಳ ಕೊನೆಗೆ ಮಗ ಹುಟ್ಟಿದ.

ಈ ಸಾಧನೆಗೂ ಕೊಂಕು ಹೇಳುವವರಿದ್ದಾರೆ. ಆಗ ನಾಲ್ಕರಲ್ಲಿ ಮೂರು ಟೂರ್ನಿ ಹುಲ್ಲಿನ ಮೇಲೆ ನಡೆಯುತ್ತಿದ್ದವು, ಈಗ ಮೂರು ಥರದ ನೆಲ ಅಂತ. ಮಾತು ನಿಜವೇ. ಒಪ್ಪಿಕೊಳ್ಳೋಣ. ಆದರೆ ಆಗಿನ ಹುಲ್ಲಿನಲ್ಲಿ ಚೆಂಡು ಎಲ್ಲಿ ಹೇಗೆ ಪುಟಿಯುತ್ತದೆ ಅಂತ ಆ ದೇವರಿಗೇ ಗೊತ್ತಿತ್ತು ಅನ್ನುವುದನ್ನೂ ಸೇರಿಸಿಕೊಳ್ಳಿ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1970ರಲ್ಲಿ ವಿಂಬಲ್ಡನ್‌ನಲ್ಲಿ ರೋಜರ್ ಟೇಲರ್ ಎದುರು ಸೋಲುವ ಹೊತ್ತಿಗೆ ಲೇವರ್ ಅಲ್ಲಿ ಸತತ 31 ಪಂದ್ಯ ಗೆದ್ದಿದ್ದರು. 1969ರ ನಂತರ ಗ್ರ್ಯಾನ್‌ಸ್ಲಾಮ್ ಮತ್ತೆ ಬರಲಿಲ್ಲ. 1971ರಲ್ಲಿ ಆಟದಿಂದ ಹತ್ತು ಲಕ್ಷ ಡಾಲರ್ ಗಳಿಸಿದ ಮೊದಲ ಟೆನಿಸ್ ಆಟಗಾರರಾದರು. 1973ರಲ್ಲಿ ಡೇವಿಸ್ ಕಪ್ ಬಾಗಿಲೂ ತೆರೆಯಿತು. 35ನೇ ವಯಸ್ಸಿನಲ್ಲಿ ಬಂದು ಕ್ಲೀವ್‌ಲ್ಯಾಂಡ್‌ನಲ್ಲಿ ಅಮೆರಿಕವನ್ನು 5-0ಯಿಂದ ಸೋಲಿಸಿದ ತಂಡದಲ್ಲಿ ಆಡಿದರು. 1998ರಲ್ಲಿ ಟಿವಿ ಸಂದರ್ಶನ ಕೊಡುತ್ತಿರುವಾಗಲೇ ಪಾರ್ಶ್ವವಾಯು ಬಡಿಯಿತು. ಮಾತು, ನಡಿಗೆ ಎಲ್ಲ ಮತ್ತೆ ಕಲಿಯಬೇಕಾಯಿತು, ಕಲಿತರು. 2000ದಲ್ಲಿ ಮೆಲ್ಬರ್ನ್‌ನ ಮುಖ್ಯ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. ಪ್ರತಿ ಜನವರಿ ನಾವು ಟಿವಿಯಲ್ಲಿ ನೋಡುವ ಆ ನೀಲಿ ಅಂಕಣ ಅದೇ. 2006ರಲ್ಲಿ ಅಲ್ಲೇ ಅವರ ಕೈಯಿಂದ ಕಪ್ ತೆಗೆದುಕೊಳ್ಳುವಾಗ ಫೆಡರರ್ ಅತ್ತುಬಿಟ್ಟಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮುಂದೆ ಲೇವರ್ ಕಪ್ ಅಂತ ಟೂರ್ನಿ ಹುಟ್ಟಲು ಮುಂದೆ ನಿಂತವರೂ ಫೆಡರರ್ ಅವರೇ.

2021ರ ಸೆಪ್ಟೆಂಬರ್. ನ್ಯೂಯಾರ್ಕ್. ಆ ವರ್ಷದ ಮೂರೂ ಗೆದ್ದು ನಾಲ್ಕನೆಯದರ ಫೈನಲ್‌ಗೆ ಜೊಕೊವಿಚ್ ಬಂದಿದ್ದಾರೆ. ಎದುರಿಗೆ ಮೆಡ್ವೆಡೆವ್. ಗ್ಯಾಲರಿಯಲ್ಲಿ 83ರ ಲೇವರ್ ಕೂತು ನೋಡುತ್ತಿದ್ದಾರೆ. 6-4, 6-4, 6-4, ಜೊಕೊವಿಚ್ ಸೋತರು. ಪಂದ್ಯ ಮುಗಿಯುವ ಮೊದಲೇ ಕುರ್ಚಿಯಲ್ಲಿ ಟವೆಲ್‌ಗೆ ಮುಖ ಮುಚ್ಚಿಕೊಂಡು ಅತ್ತರು. ನಾನು ಆ ರಾತ್ರಿ ನಿದ್ದೆಗೆಟ್ಟು ನೋಡುತ್ತಿದ್ದೆ. ಲೇವರ್ ದಾಖಲೆ ಉಳಿಯಿತು ಅಂತ ಖುಷಿಯಾಗಬೇಕಿತ್ತು. ನೆನಪಾಗಿದ್ದು ಮಾತ್ರ ಪ್ರೇಮಜಿತ್ ಲಾಲ್, 3-3.

ನಮ್ಮ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿದ. 'ಹಾಗಾದ್ರೆ 11 ಅಂತ ಬರೆಯೋದು ತಪ್ಪಾ?' ಅಂದ. ತಪ್ಪಲ್ಲ ಕಣೋ, ಪಕ್ಕದಲ್ಲಿ ಜಾಗ ಬಿಟ್ಟು ಬರೆ ಅಂದೆ.

ರ‍್ಯಾಕೆಟ್ ಎಲ್ಲಿಗೆ ಹೋಯಿತು? ಹಿಂದಿನ ಸಾಲಿನಲ್ಲಿದೆಯಾ? ಸ್ವಲ್ಪ ಈ ಕಡೆ ಕೊಡಿ. ಪ್ರೆಸ್‌ಗೆ ಹಾಕಬೇಕು, ಹೊರಗೆ ಮಳೆ ಬರೋ ಹಾಗಿದೆ.